ಜಪಾನಿನ ಶಾಲೆಯೊಳಗೆ ಪಾಠ ಮಾಡೋವಾಗ ಯಾವ ಶೂ ಹಾಕ್ಕೋಬೇಕು? ಹೋಗಿಬಂದವರು ದಯವಿಟ್ಟು ಹೇಳಿ

ತುಂಗೆಯ ದಡ
ಜೂನ್ 8

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಕಡೆಯವಳು. ಇಲ್ಲೇ ಒಂದು ಹೈಸ್ಕೂಲಿನಲ್ಲಿ ಮೂರು ವರ್ಷ ಇಂಗ್ಲಿಷ್ ಪಾಠ ಮಾಡಿದ್ದೇನೆ. ಈಗ ಜಪಾನಿನಲ್ಲಿ ಎಎಲ್‌ಟಿ, ಅಂದರೆ ಇಂಗ್ಲಿಷ್ ಸಹಾಯಕ ಶಿಕ್ಷಕಿಯ ಕೆಲಸ ಸಿಕ್ಕಿದೆ. ಜುಲೈ ಕೊನೆಗೆ ಹೊರಡಬೇಕು. ಒಂದು ಜೂನಿಯರ್ ಹೈಸ್ಕೂಲು, ಎರಡು ಪ್ರಾಥಮಿಕ ಶಾಲೆ ನನ್ನ ಪಾಲಿಗೆ ಬಂದಿವೆ.

ತರಬೇಕಾದ ಸಾಮಾನಿನ ಪಟ್ಟಿಯಲ್ಲಿ "ಉವಾಬಾಕಿ, ಶಾಲೆಯ ಒಳಗೆ ಮಾತ್ರ ಹಾಕುವ ಶೂ" ಅಂತ ಒಂದೇ ಒಂದು ಸಾಲು ಇದೆ. ಒಂದು ವಾರದಿಂದ ತಲೆಯಲ್ಲಿ ಅದೇ ಕೂತಿದೆ. ನಮ್ಮನೆಯಲ್ಲಿ ಚಪ್ಪಲಿ ಜಗಲಿಯ ಕೆಳಗೇ ಬಿಡೋದು. ನಾನು ಓದಿದ ಊರಿನ ಶಾಲೆಯಲ್ಲೂ ಚಪ್ಪಲಿಯನ್ನು ಹೊರಗೆ ಸಾಲಾಗಿ ಬಿಟ್ಟು ಬರಿಗಾಲಲ್ಲೇ ಕೂರುತ್ತಿದ್ದೆವು. ಹೊರಗಿನ ಕೊಳೆ ಒಳಗೆ ಬರಬಾರದು ಅನ್ನೋದನ್ನು ಯಾರೂ ನನಗೆ ಹೇಳಿಕೊಡಬೇಕಿಲ್ಲ. ಆದರೆ ಒಳಗೂ ಶೂ ಹಾಕಿ ದಿನವಿಡೀ ನಿಲ್ಲೋದು ಹೊಸದು. ಮಕ್ಕಳು ಹಾಕುವ ಬಿಳಿ ಕ್ಯಾನ್ವಾಸ್ ಶೂನ ಚಿತ್ರ ನೋಡಿದೆ. ಶಿಕ್ಷಕರೂ ಅದನ್ನೇ ಹಾಕ್ತಾರಾ? ಚಪ್ಪಲಿ ಥರದ್ದು ನಡೆಯುತ್ತಾ? ಇಲ್ಲಿಂದಲೇ ಕೊಂಡು ಹೋಗಲಾ, ಅಲ್ಲೇ ಕೊಳ್ಳಲಾ?

ಇನ್ನು ಮೂರು ವಿಷಯ ಹೇಳಿಬಿಡ್ತೀನಿ. ನನಗೆ ಹಿಮ್ಮಡಿ ನೋವು ಇದೆ, ಎರಡು ಪೀರಿಯಡ್ ಸತತ ನಿಂತರೆ ಸಂಜೆ ಕಾಲೂರಲು ಆಗಲ್ಲ. ಪಾದ 25.5 ಸೆಂಟಿಮೀಟರ್ ಉದ್ದ. ಚರ್ಮದ ಶೂ ಹಾಕಲ್ಲ.


ಹಿಮದೂರಿನ ಮೇಷ್ಟ್ರು
ಜೂನ್ 8

ತಂಗಿ, ಮೊದಲಿಗೆ ಅಭಿನಂದನೆ. ನಾನು ನೀಗಾತಾ ಪ್ರಾಂತ್ಯದಲ್ಲಿ ನಾಲ್ಕನೇ ವರ್ಷ ಪಾಠ ಮಾಡ್ತಿದ್ದೀನಿ. ಶೂ ಆರಿಸೋ ಮುಂಚೆ ಅಲ್ಲಿನ ಬಾಗಿಲು ಹೇಗಿರುತ್ತೆ ಅಂತ ತಿಳ್ಕೊಳ್ಳಿ. ಆಗ ಅರ್ಧ ಉತ್ತರ ತಾನಾಗೇ ಸಿಗುತ್ತೆ.

ಮಕ್ಕಳಿಗೆ ಒಂದು ಬಾಗಿಲು, ಶಿಕ್ಷಕರಿಗೂ ಬಂದುಹೋಗುವವರಿಗೂ ಇನ್ನೊಂದು. ಆ ಬಾಗಿಲ ಒಳಗಿನ ತಗ್ಗು ಜಾಗಕ್ಕೆ ಗೆಂಕಾನ್ ಅಂತಾರೆ. ತಗ್ಗು ನೆಲ ಹೊರಗಿನದು, ಮೆಟ್ಟಿಲೆತ್ತರದ ನೆಲ ಒಳಗಿನದು. ಪಕ್ಕದಲ್ಲೇ ಶೂ ಇಡುವ ಗೂಡುಗಳ ಕಪಾಟು, ಹೆಸರು ಗೆತಾಬಾಕೋ. ಒಂದು ಗೂಡಿಗೆ ನಿಮ್ಮ ಹೆಸರಿನ ಚೀಟಿ ಅಂಟಿಸಿರ್ತಾರೆ. ಹೊರಗಿನ ಶೂನಿಂದ ಕಾಲು ತೆಗೆದು ನೇರವಾಗಿ ಮೇಲಿನ ನೆಲದ ಮೇಲೆ, ಇಲ್ಲವೇ ಮರದ ಪಟ್ಟಿಗಳ ಹಲಗೆ ಹಾಕಿದ್ದರೆ ಅದರ ಮೇಲೆ ಇಡಬೇಕು. ಶೂ ಬಿಚ್ಚಿ ಸಾಕ್ಸ್ ಕಾಲಲ್ಲಿ ತಗ್ಗು ನೆಲವನ್ನು ತುಳಿದರೆ ಹೊರಗಿನ ಕೊಳೆಯನ್ನು ಸಾಕ್ಸಿಗೆ ಮೆತ್ತಿಕೊಂಡು ಒಳಗೆ ತಂದ ಹಾಗೆ. ಹೊಸಬರು ಬಹಳ ಮಂದಿ ತಪ್ಪೋದು ಇಲ್ಲೇ. ಶೂಗಿಂತ ಮೊದಲು ಈ ಒಂದು ಹೆಜ್ಜೆ ಕಲಿತುಬಿಡಿ.

ಈಗ ಯೋಚಿಸಿ. ದಿನಕ್ಕೆ ಎಷ್ಟು ಸಲ ಆ ಮೆಟ್ಟಿಲು ಹತ್ತಿ ಇಳೀತೀರಿ? ಬೆಳಿಗ್ಗೆ ಒಳಗೆ. ಪ್ರಾಥಮಿಕ ಶಾಲೆಯಲ್ಲಿ ಬಿಡುವಿನ ವೇಳೆ ಮಕ್ಕಳು ಕೈಹಿಡಿದು ಮೈದಾನಕ್ಕೆ ಎಳೀತಾರೆ, ಹೊರಗೆ. ಗಂಟೆ ಬಾರಿಸಿತು, ಮತ್ತೆ ಒಳಗೆ. ಲೇಸ್ ಬಿಗಿಯುವ ಶೂ ಆದರೆ ನೀವು ಬಗ್ಗಿರುವಾಗಲೇ ತರಗತಿ ಶುರುವಾಗಿರುತ್ತೆ. ಕಾಲು ತೂರಿಸಿದರೆ ಸಾಕು ಅನ್ನುವಂಥದ್ದು, ಇಲ್ಲಾ ಅಂಟುಪಟ್ಟಿ ಇರುವಂಥದ್ದು ತಗೊಳ್ಳಿ. ಹಿಮ್ಮಡಿ ಭಾಗವನ್ನು ತುಳಿದು ಚಪ್ಪಲಿಯ ಹಾಗೆ ಎಳೆದಾಡಬೇಡಿ. ಮಕ್ಕಳಿಗೆ ಅದನ್ನು ಮಾಡಬೇಡಿ ಅಂತ ಶಿಕ್ಷಕರು ದಿನಾ ಹೇಳೋ ಮಾತು ಅದು.

ನಾನು ಮೊದಲ ದಿನ ಶೂ ಒಯ್ದಿರಲಿಲ್ಲ. ಅತಿಥಿಗಳಿಗೆ ಇಟ್ಟ ಹಸಿರು ಸ್ಲಿಪ್ಪರ್ ಕೊಟ್ಟರು. ಹಿಂದೆ ಏನೂ ಇಲ್ಲ, ಅಡಿ ನುಣುಪು. ಎರಡು ಕೈ ತುಂಬ ಚಿತ್ರದ ಕಾರ್ಡು, ಸಿಡಿ ಪ್ಲೇಯರ್ ಹಿಡಿದು ಮೂರನೇ ಮಹಡಿಯಿಂದ ಇಳಿಯುವಾಗ ಒಂದು ಸ್ಲಿಪ್ಪರ್ ಜಾರಿ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮೊಣಕೈಗೆ ಪೆಟ್ಟಾಯಿತು, ಹಿಂದೆ ಬರುತ್ತಿದ್ದ ಮಕ್ಕಳು ಹೆದರಿದರು. ಅವತ್ತು ಸಂಜೆಯೇ ಶೂ ಅಂಗಡಿಗೆ ಹೋದೆ.


ಷಟಲ್ ಕೋರ್ಟು
ಜೂನ್ 9

ನಾನು ಎರಡು ವರ್ಷ ಸೈತಾಮಾದಲ್ಲಿ ಕೆಲಸ ಮಾಡಿ ಈಗ ಬೆಂಗಳೂರಿನಲ್ಲಿದ್ದೇನೆ. ನಿಮಗೆ ಬೇಕಾದ ಶೂ ನಮ್ಮೂರಿನವರಿಗೆ ಚೆನ್ನಾಗಿ ಗೊತ್ತು. ಇಲ್ಲಿ ಯಾವುದೇ ಒಳಾಂಗಣ ಷಟಲ್ ಕೋರ್ಟಿನ ಬಾಗಿಲಲ್ಲಿ "ನಾನ್ ಮಾರ್ಕಿಂಗ್ ಶೂ ಕಡ್ಡಾಯ" ಅಂತ ಬರೆದಿರ್ತಾರಲ್ಲ, ಅದೇ ಗುಣ ಬೇಕು. ಅಡಿಭಾಗದ ರಬ್ಬರು ನೆಲದ ಮೇಲೆ ಕರಿಗೆರೆ ಬಿಡಬಾರದು.

ಅಲ್ಲಿ ಇದು ಯಾಕೆ ಮುಖ್ಯ ಅಂದರೆ ಆ ನೆಲವನ್ನು ಒರೆಸೋರು ಮಕ್ಕಳು. ದಿನಾ ಗುಡಿಸೋ ಹೊತ್ತಲ್ಲಿ ಒದ್ದೆ ಬಟ್ಟೆಯನ್ನು ಎರಡು ಕೈಯಲ್ಲಿ ಒತ್ತಿ ಹಿಡಿದು ಕಾರಿಡಾರಿನ ಈ ತುದಿಯಿಂದ ಆ ತುದಿಗೆ ತಳ್ಳಿಕೊಂಡು ಹೋಗ್ತಾರೆ. ನನ್ನ ಹಳೇ ರನ್ನಿಂಗ್ ಶೂನ ಕರಿ ಗೆರೆಯನ್ನು ಒಬ್ಬ ಹುಡುಗ ಉಜ್ಜುತ್ತಾ ಕೂತದ್ದನ್ನು ನೋಡಿದ ಮೇಲೆ ನಾನು ಆ ಜೋಡಿಯನ್ನು ಮತ್ತೆ ಒಳಗೆ ಹಾಕಲಿಲ್ಲ.

ಪರೀಕ್ಷೆ ಸುಲಭ. ಅಂಗಡಿಯಲ್ಲೇ ಒಂದು ಬಿಳಿ ಕಾಗದ ನೆಲದ ಮೇಲಿಟ್ಟು ಶೂನ ಅಂಚನ್ನು ಗಟ್ಟಿಯಾಗಿ ಉಜ್ಜಿ. ಗೆರೆ ಬಿದ್ದರೆ ಬೇಡ. ಜೇನಿನ ಬಣ್ಣದ ಇಲ್ಲವೇ ಬಿಳಿ ರಬ್ಬರು ಸಾಮಾನ್ಯವಾಗಿ ಪಾಸಾಗುತ್ತೆ. ಕಪ್ಪು ರಬ್ಬರಿನಲ್ಲೂ ಗೆರೆ ಬಿಡದ್ದು ಇದೆ, ಬಣ್ಣ ನೋಡಿಯೇ ತೀರ್ಮಾನಿಸಬೇಡಿ.

ಒಂದೇ ತೊಂದರೆ, ಷಟಲ್ ಶೂಗಳು ಗಿಳಿಹಸಿರು, ಕಿತ್ತಳೆ ಅಂತ ಕಣ್ಣು ಕುಕ್ಕುತ್ತವೆ. ಬಿಳಿಯೋ ಕಪ್ಪೋ ಹುಡುಕಿ. ಮತ್ತೆ, ತಂದ ಮೇಲೆ ಅಂಗಳದಲ್ಲಿ ಕೂಡ ಒಮ್ಮೆಯೂ ಹಾಕಬೇಡಿ. ಸಣ್ಣ ಕಲ್ಲೊಂದು ಅಡಿಯಲ್ಲಿ ಸಿಕ್ಕಿಕೊಂಡರೂ ಮೇಣ ಹಾಕಿದ ನೆಲಕ್ಕೆ ಗೀರು ಬೀಳುತ್ತೆ.


ನಗೋಯಾ ಅಮ್ಮ
ಜೂನ್ 9

ನಾನು ಶಿಕ್ಷಕಿ ಅಲ್ಲ, ನನ್ನ ಮಗಳು ಇಲ್ಲಿ ಮೂರನೇ ಕ್ಲಾಸು. ಮಕ್ಕಳ ಬಿಳಿ ಶೂ ಬಗ್ಗೆ ಕೇಳಿದ್ದೀಯಲ್ಲಮ್ಮ, ಅದನ್ನು ಹೇಳ್ತೀನಿ.

ಶುಕ್ರವಾರ ಮಗಳು ಅದನ್ನು ಒಂದು ಬಟ್ಟೆಚೀಲದಲ್ಲಿ ಮನೆಗೆ ತರ್ತಾಳೆ, ಶನಿವಾರ ಸಣ್ಣ ಬ್ರಷ್ಷಿನಲ್ಲಿ ಉಜ್ಜಿ ತೊಳೆದು ಬಿಸಿಲಿಗಿಡ್ತೀವಿ, ಸೋಮವಾರ ಮತ್ತೆ ಶಾಲೆಗೆ. ಪಾದದ ಮೇಲೆ ಒಂದು ಎಲಾಸ್ಟಿಕ್ ಪಟ್ಟಿ, ಬೆರಳ ಭಾಗಕ್ಕೆ ರಬ್ಬರು. ಕೆಲವು ಶಾಲೆಗಳಲ್ಲಿ ಆ ರಬ್ಬರಿನ ಬಣ್ಣ ನೋಡಿ ಯಾವ ತರಗತಿ ಅಂತ ಹೇಳಬಹುದು. ನಮ್ಮ ಕಾಲದಲ್ಲಿ ಶನಿವಾರದ ಪಿ.ಟಿ. ಶೂಗೆ ಸೀಮೆಸುಣ್ಣ ಬಳಿಯುತ್ತಿದ್ದೆವಲ್ಲ, ಅದು ನೆನಪಾಗಿ ಮೊದಲ ಸಲ ತೊಳೆಯುವಾಗ ನನಗೆ ಕಣ್ಣು ತುಂಬಿ ಬಂದಿತ್ತು.

ಆದರೆ ನೀನು ಅದನ್ನು ತಗೋಬೇಡ. ದೊಡ್ಡವರ ಅಳತೆಯಲ್ಲೂ ಸಿಗುತ್ತೆ ನಿಜ. ಅಡಿ ತೆಳ್ಳಗೆ, ಚಪ್ಪಟೆ. ಬೆಳೆಯೋ ಮಕ್ಕಳ ಹಗುರ ಮೈಗೆ ಸರಿ, ಹಿಮ್ಮಡಿ ನೋವಿರೋ ನಿನಗೆ ಎರಡೇ ದಿನಕ್ಕೆ ಸಾಕಾಗುತ್ತೆ. ಪೋಷಕರ ಭೇಟಿಯ ದಿನ ನಾವೆಲ್ಲ ಮಡಚುವ ಸ್ಲಿಪ್ಪರನ್ನು ಕೈಚೀಲದಲ್ಲಿ ಒಯ್ತೀವಿ. ಅವತ್ತು ನಾನು ಶಿಕ್ಷಕರ ಕಾಲನ್ನೇ ನೋಡ್ತಿರ್ತೀನಿ. ಹೆಚ್ಚಿನವರು ಹಗುರವಾದ ಸಾದಾ ಸ್ನೀಕರ್ ಹಾಕಿರ್ತಾರೆ.


ಧಾರವಾಡದಾಂವ
ಜೂನ್ 9

ನಮಸ್ಕಾರ್ರಿ. ನಾ ಮೂರು ವರ್ಷ ಫುಕುಓಕಾದಾಗ ಕಲಿಸಿ ಬಂದೀನಿ. ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ ತಂಗ್ಯಾರ? ನಮ್ಮ ಸ್ಟಾಫ್ ರೂಮಿನ್ಯಾಗ ಅರ್ಧ ಮಂದಿ ಸ್ಯಾಂಡಲ್ ಮ್ಯಾಲೇ ಇರ್ತಿದ್ರು. ನಾ ಮೂರೂ ವರ್ಷ ಕ್ರಾಕ್ಸ್ ಹಾಕ್ಕೊಂಡು ತಿರಗ್ಯಾಡೀನಿ. ಹಗುರ, ಮೆತ್ತಗ, ಕಾಲು ಬೆವರೂದಿಲ್ಲ, ನೀರಾಗ ಅದ್ದಿದ್ರ ಸ್ವಚ್ಛ. ಜುಲೈ ತಿಂಗಳ ಧಗಿ ಹೆಂಗಿರ್ತದ ಅಂತ ಗೊತ್ತಿದ್ದವರು ಮುಚ್ಚಿದ ಶೂದಾಗ ಕಾಲು ಇಡಂಗಿಲ್ಲ. ಹಿಂಬಡ ನೋವಿಗೂ ಅದರ ಮೆತ್ತನ್ನ ಅಡಿ ಛಲೋ.

ಇನ್ನೊಂದು ಮಾತು, ಶೂ ವಿಷಯ ಬಂದದ್ದಕ್ಕ ಹೇಳ್ತೀನಿ. ನಾ ಇದ್ದ ಕಡೆ ಕುರುಮೆ ಅಂತ ಊರದ. ಆ ಊರಾಗ 1873ರಾಗ ತಾಬಿ ಹೊಲಿಯೂ ಅಂಗಡಿ ಒಂದು ಸುರು ಆತು. ತಾಬಿ ಅಂದ್ರ ಹೆಬ್ಬಟ್ಟು ಬ್ಯಾರೆ ಇರೂ ಅರಬಿ ಕಾಲಚೀಲ. ಅದ ಅಂಗಡಿ ಬೆಳದು ಮೂನ್‌ಸ್ಟಾರ್ ಆತು, ಇವತ್ತು ಸಾಲಿ ಹುಡುಗರ ಒಳಗಿನ ಶೂ ಮಾಡೂ ದೊಡ್ಡ ಹೆಸರಿನ್ಯಾಗ ಅದೂ ಒಂದು. ಅದ ಊರಿನ ಇನ್ನೊಂದು ತಾಬಿ ಮನೆತನದ ಇಶಿಬಾಶಿ ಶೋಜಿರೋ ಅನ್ನಾಂವ ತಾಬಿಗೆ ರಬ್ಬರ್ ಅಡಿ ಹಚ್ಚಿ ಕೂಲಿಕಾರರಿಗೆ ಮಾರಿದ. ಆ ರಬ್ಬರಿನ ಕೆಲಸದಿಂದ 1931ರಾಗ ಟೈರ್ ಕಂಪನಿ ಕಟ್ಟಿದ. ಇಶಿ ಅಂದ್ರ ಕಲ್ಲು, ಹಾಶಿ ಅಂದ್ರ ಸೇತುವೆ. ತನ್ನ ಹೆಸರನ್ನ ಇಂಗ್ಲಿಷಿನ್ಯಾಗ ತಿರುವಿ ಬ್ರಿಜ್‌ಸ್ಟೋನ್ ಅಂತ ಇಟ್ಟ. ನಮ್ಮ ಲಾರಿ ಗಾಲಿಗೂ ಆ ಹುಡುಗರ ಬಿಳಿ ಶೂಕ್ಕೂ ಒಂದ ಊರು ತವರು ನೋಡ್ರಿ.


ಸಂಪಿಗೆ
ಜೂನ್ 10

ಧಾರವಾಡದಣ್ಣ, ಕುರುಮೆ ಕಥೆ ಬಹಳ ಹಿಡಿಸಿತು. ಆದರೆ ಕ್ರಾಕ್ಸ್ ಬಗ್ಗೆ ನಾನು ಒಪ್ಪಲ್ಲ, ಕಾರಣ ಹೇಳ್ತೀನಿ.

2018ರಲ್ಲಿ ನಾನು ಉತ್ತರ ಓಸಾಕಾದ ಒಂದು ಶಾಲೆಯಲ್ಲಿದ್ದೆ. ಜೂನ್ 18, ಸೋಮವಾರ. ಬೆಳಿಗ್ಗೆ 7:58ಕ್ಕೆ ಭೂಮಿ ನಡುಗಿತು. ನಾನು ಆಗತಾನೇ ಬಂದು ಸ್ಟಾಫ್ ರೂಮಿನಲ್ಲಿ ಕೂತಿದ್ದೆ. ಕಾಲಲ್ಲಿ ಹಿಂಬದಿ ಇಲ್ಲದ ಸ್ಯಾಂಡಲ್. ಮೇಜಿನ ಕೆಳಗೆ ತೂರುವಷ್ಟರಲ್ಲಿ ಅವು ಎಲ್ಲೋ ಹಾರಿಹೋದವು. ಬೀರುವಿನ ಗಾಜು ಒಡೆದು ನೆಲದ ತುಂಬ ಚೂರು. ನಡುಕ ನಿಂತ ಮೇಲೆ ಎಲ್ಲರೂ ಮಕ್ಕಳನ್ನು ನೋಡಲು ಓಡಿದರು. ಅದು ಮಕ್ಕಳು ಶಾಲೆಗೆ ನಡೆದು ಬರುವ ಹೊತ್ತು. ನಾನು ಸಾಕ್ಸ್ ಕಾಲಲ್ಲಿ ಗಾಜಿನ ನಡುವೆ ಹೆಜ್ಜೆ ಎತ್ತಿಡಲಾಗದೆ ನಿಂತುಬಿಟ್ಟೆ. ಒಬ್ಬ ಹಿರಿಯ ಶಿಕ್ಷಕಿ ಪೊರಕೆಯಲ್ಲಿ ದಾರಿ ಗುಡಿಸಿಕೊಟ್ಟು ನನ್ನನ್ನು ಕರೆದೊಯ್ದರು. ನನ್ನಿಂದ ಅವರ ಎರಡು ನಿಮಿಷ ಹೋಯಿತು. ಆ ಎರಡು ನಿಮಿಷ ಇಂದಿಗೂ ನನ್ನ ಮನಸ್ಸಿನಲ್ಲಿದೆ.

ಅಲ್ಲಿನ ಮಕ್ಕಳು ಭೂಕಂಪದ ಅಭ್ಯಾಸದಲ್ಲಿ ಒಳಗಿನ ಶೂ ಹಾಕಿಕೊಂಡೇ ಮೈದಾನಕ್ಕೆ ಇಳೀತಾರೆ. ಶೂ ಬದಲಿಸೋಕೆ ಯಾರೂ ನಿಲ್ಲಲ್ಲ. ವಾಪಸ್ ಬರುವಾಗ ಒದ್ದೆ ಬಟ್ಟೆಯ ಮೇಲೆ ಅಡಿಯನ್ನು ಒರೆಸಿ ಒಳಗೆ ಬರ್ತಾರೆ. "ಓ-ಕಾ-ಶಿ-ಮೋ" ಅಂತ ಒಂದನೇ ಕ್ಲಾಸಿನ ಮಕ್ಕಳಿಗೂ ಬಾಯಿಪಾಠ: ತಳ್ಳಬೇಡ, ಓಡಬೇಡ, ಮಾತಾಡಬೇಡ, ಹಿಂದಿರುಗಬೇಡ. ನಾಲ್ಕು ಮಾತಿನ ಮೊದಲಕ್ಷರ ಸೇರಿಸಿದ್ದು. ಬಿದ್ದ ಚಪ್ಪಲಿಗೆ ಹಿಂದಿರುಗುವ ಹಾಗೂ ಇಲ್ಲ ಅಂದಾಯಿತಲ್ಲ.

ತುಂಗೆಯ ದಡ, ಶೂ ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ ಇದನ್ನು ಹಾಕಿಕೊಂಡು ಮೂರು ಮಹಡಿ ಇಳಿದು, ಗಾಜಿನ ಮೇಲೆ ನಡೆದು, ಮಣ್ಣಿನ ಮೈದಾನದಲ್ಲಿ ಅರ್ಧ ಗಂಟೆ ಮಕ್ಕಳ ಜೊತೆ ನಿಲ್ಲಬಲ್ಲೆನಾ ಅಂತ ಕೇಳ್ಕೊಳ್ಳಿ. ಹಿಮ್ಮಡಿ ಪೂರ್ತಿ ಮುಚ್ಚಿರಬೇಕು, ಬೆರಳು ಮುಚ್ಚಿರಬೇಕು, ಅಡಿ ಗಟ್ಟಿ ಇರಬೇಕು.


ಧಾರವಾಡದಾಂವ
ಜೂನ್ 10

ಅಕ್ಕಾರ, ಓದಿ ಸುಮ್ಮನ ಕುಂತೆ. ನನಗ ಅಂಥಾ ದಿನ ಬರಲಿಲ್ಲ, ಅದಕ್ಕ ಹಂಗ ಬರದೆ. ಡ್ರಿಲ್‌ದಾಗ ನಾನೂ ಹಿಂದಿನ ಪಟ್ಟಿ ಹಿಂಬಡಕ್ಕ ಹಾಕ್ಕೊಂಡ ಇಳೀತಿದ್ದೆ, ಅಷ್ಟಕ್ಕ ಸಾಕು ಅಂದ್ಕೊಂಡಿದ್ದೆ. ತಂಗಿ, ಅಕ್ಕಾರ ಮಾತು ಕೇಳು. ಸ್ಯಾಂಡಲ್ ಬೇಕಾದ್ರ ಮನ್ಯಾಗ ಇಟ್ಕೋ.


ಹನ್ನೊಂದನೇ ನಂಬರ್
ಜೂನ್ 10

ಅಳತೆ ಬಗ್ಗೆ ನಾನು ಹೇಳಬೇಕು. ನನ್ನ ಪಾದ 29.5. ಅಲ್ಲಿನ ಸಾಮಾನ್ಯ ಅಂಗಡಿಗಳಲ್ಲಿ ಗಂಡಸರ ಶೂ 28ರ ಹತ್ತಿರ ಮುಗಿಯುತ್ತೆ, ಹೆಂಗಸರದ್ದು 25ರ ಹತ್ತಿರ. ನಾಲ್ಕು ಅಂಗಡಿ ಸುತ್ತಿ ಬರಿಗೈಲಿ ವಾಪಸ್ ಬಂದೆ, ಕೊನೆಗೆ ಆನ್‌ಲೈನಿನಲ್ಲಿ ತರಿಸಿದೆ. ಅದು ಬರುವವರೆಗೆ ಎಂಟು ದಿನ ಹಿಮ್ಮಡಿ ಹೊರಗೆ ಚಾಚಿಕೊಂಡಿದ್ದ ಸ್ಲಿಪ್ಪರಿನಲ್ಲೇ ಪಾಠ ಮಾಡಿದೆ.

ತುಂಗೆಯ ದಡ ಅವರೇ, ನಿಮ್ಮದು 25.5. ಹೆಂಗಸರ ಸಾಲಿನಲ್ಲಿ ಸಿಗೋದು ಕಷ್ಟ, ಆದರೆ ಗಂಡಸರ ಸಾಲು 25ರ ಸುತ್ತಮುತ್ತ ಶುರುವಾಗುತ್ತೆ. ಸಂಕೋಚವಿಲ್ಲದೆ ಅಲ್ಲಿ ಹುಡುಕಿ. ಒಳಗಿನ ಸಾದಾ ಶೂನಲ್ಲಿ ಗಂಡು ಹೆಣ್ಣಿನ ವ್ಯತ್ಯಾಸ ಕಾಣೋದಿಲ್ಲ.

ಅಲ್ಲಿ ಏಳು ನಂಬರ್, ಎಂಟು ನಂಬರ್ ಅಂತ ಇಲ್ಲ. ಪಾದದ ಉದ್ದ ಎಷ್ಟು ಸೆಂಟಿಮೀಟರೋ ಅದೇ ನಂಬರು, ಅರ್ಧ ಅರ್ಧ ಏರುತ್ತೆ. ಅಗಲಕ್ಕೆ ಇ ಅಕ್ಷರ: ಎರಡು ಇ, ಮೂರು ಇ, ನಾಲ್ಕು ಇ, ಹೆಚ್ಚಾದಷ್ಟೂ ಅಗಲ. ಬರಿಗಾಲಲ್ಲಿ, ಚಪ್ಪಲಿಯಲ್ಲಿ ಬೆಳೆದ ನಮ್ಮ ಪಾದ ಮುಂದೆ ಹರಡಿರುತ್ತೆ. ನನಗಂತೂ ಮೂರು ಇ ಹಾಕಿದಾಗಲೇ ಬೆರಳುಗಳಿಗೆ ಉಸಿರು ಬಂದದ್ದು.

ಅಳೆಯೋದು ಸಂಜೆ ಹೊತ್ತಲ್ಲಿ. ಆಗ ಪಾದ ಸ್ವಲ್ಪ ಊದಿರುತ್ತೆ. ಗೋಡೆಗೆ ಹಿಮ್ಮಡಿ ತಾಗಿಸಿ ಕಾಗದದ ಮೇಲೆ ನಿಂತು, ಉದ್ದದ ಬೆರಳ ತುದಿಗೆ ಗುರುತು ಹಾಕಿ. ಎರಡೂ ಕಾಲು ಅಳೆದು ದೊಡ್ಡದನ್ನು ಲೆಕ್ಕಕ್ಕೆ ಹಿಡೀರಿ. ಇಲ್ಲಿ ಕೊಳ್ಳೋದಾದರೆ ಸ್ಪೋರ್ಟ್ಸ್ ಶೂನ ನಾಲಗೆಯ ಒಳಗಿನ ಚೀಟಿ ನೋಡಿ, ಅಲ್ಲಿ ಸೆಂಟಿಮೀಟರ್ ಅಳತೆಯೂ ಅಚ್ಚಾಗಿರುತ್ತೆ.


ತುಂಗೆಯ ದಡ
ಜೂನ್ 11

ಇಷ್ಟೊಂದು ಜನ ಇಷ್ಟು ಕಾಳಜಿಯಿಂದ ಬರೆದಿದ್ದೀರಿ, ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗ್ತಿಲ್ಲ. ಸಂಪಿಗೆ ಅಕ್ಕ, ನಿಮ್ಮ ಮಾತನ್ನು ಅಮ್ಮನಿಗೆ ಓದಿ ಹೇಳಿದೆ, ಅವರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ "ದುಡ್ಡು ನೋಡಬೇಡ, ಗಟ್ಟಿ ಶೂ ತಗೋ" ಅಂದರು.

ಇನ್ನೆರಡು ಪ್ರಶ್ನೆ. ಮೂರು ಶಾಲೆಗೂ ಒಂದೇ ಜೋಡಿ ಸಾಕಾ? ಜಿಮ್ ಹಾಲ್‌ಗೆ (ಶಾಲೆಯ ಒಳಾಂಗಣ ಆಟದ ಹಾಲು) ಬೇರೆ ಶೂ ಬೇಕು ಅಂತ ಎಲ್ಲೋ ಓದಿದೆ, ಹೌದಾ?


ಹಿಮದೂರಿನ ಮೇಷ್ಟ್ರು
ಜೂನ್ 11

ಜಿಮ್: ಶಾಲೆಯಿಂದ ಶಾಲೆಗೆ ಬೇರೆ. ಮಕ್ಕಳಿಗೆ ತಾಯಿಕುಕಾನ್ ಶೂ ಅಂತ ಮೂರನೇ ಜೋಡಿ ಇರುವ ಶಾಲೆಗಳು ಸಾಕಷ್ಟಿವೆ. ನನ್ನ ಒಂದು ಶಾಲೆಯಲ್ಲಿ ಹಾಗೇ, ಇನ್ನೊಂದರಲ್ಲಿ ಒಳಗಿನ ಶೂ ಜಿಮ್ಮಿಗೂ ನಡೆಯುತ್ತೆ. ಷಟಲ್ ಕೋರ್ಟು ಹೇಳಿದ ಥರದ್ದು ಇದ್ದರೆ ಎರಡೂ ಕಡೆ ಸಲ್ಲುತ್ತೆ.

ಮೂರು ಶಾಲೆ: ಜೂನಿಯರ್ ಹೈನಲ್ಲಿ ನಿಮ್ಮ ಮೇಜು ಇರುತ್ತೆ, ಅಲ್ಲಿ ಒಂದು ಜೋಡಿ ಖಾಯಂ ಇರಲಿ. ಪ್ರಾಥಮಿಕ ಶಾಲೆಗಳಿಗೆ ಇನ್ನೊಂದು ಜೋಡಿಯನ್ನು ಚೀಲದಲ್ಲಿ ಒಯ್ಯಿರಿ. ಚೀಲ ಕಾರಲ್ಲೇ ಇಡಬಹುದು ಅನ್ನಿಸುತ್ತೆ, ನಾನೂ ಇಟ್ಟಿದ್ದೆ. ನಮ್ಮ ಕಡೆಯ ಚಳಿಗಾಲದಲ್ಲಿ ಬೆಳಿಗ್ಗೆ ಶೂ ತೆಗೆದರೆ ಐಸಿನ ಗಡ್ಡೆಯೊಳಗೆ ಕಾಲಿಟ್ಟ ಹಾಗಿರ್ತಿತ್ತು. ಈಗ ರಾತ್ರಿ ಮನೆಯೊಳಗೆ ತರ್ತೀನಿ. ತರಗತಿಯಲ್ಲಿ ಸ್ಟೌ ಇದ್ದರೂ ಕಾರಿಡಾರು ಕೊರೆಯುತ್ತೆ. ದಪ್ಪ ಸಾಕ್ಸಿಗೆ ಜಾಗ ಇರಲಿ ಅಂತ ಅರ್ಧ ಸೆಂಟಿಮೀಟರ್ ದೊಡ್ಡದು ತಗೊಳ್ಳಿ.

2020ರಿಂದ ಐದು, ಆರನೇ ತರಗತಿಗೆ ಇಂಗ್ಲಿಷ್ ಅಧಿಕೃತ ವಿಷಯ, ಮೂರು ನಾಲ್ಕಕ್ಕೆ ಆಟದ ಹಾಗೆ ಕಲಿಸೋದು. 45 ನಿಮಿಷದ ಪೀರಿಯಡಿನಲ್ಲಿ ನೀವು ಹಾರ್ತೀರಿ, ಕೂರ್ತೀರಿ, ಬೆಂಚಿನ ನಡುವೆ ಓಡ್ತೀರಿ. ಹಿಮ್ಮಡಿ ನೋವಿಗೆ ಒಳ್ಳೆಯ ಒಳಅಟ್ಟೆ ಬೇರೆ ಕೊಂಡು ಹಾಕಿ. ಶೂ ಹಳೆಯದಾದರೂ ಅಟ್ಟೆ ಮಾತ್ರ ಬದಲಿಸಿಕೊಳ್ಳಬಹುದು.


ಕೋಬೆ ವಾಸಿ
ಜೂನ್ 12

ಎಲ್ಲರೂ ಹೇಳಿದ್ದು ಸರಿ, ಆದರೆ ಕೊಳ್ಳುವ ಮೊದಲು ಶಾಲೆಯನ್ನು ಕೇಳಿ. ನಾನಿರುವ ಕೋಬೆ ನಗರದ ಅನೇಕ ಸರ್ಕಾರಿ ಶಾಲೆಗಳಲ್ಲಿ ಶೂ ಬದಲಿಸುವ ಪದ್ಧತಿಯೇ ಇಲ್ಲ. ಹೊರಗಿನ ಶೂನಲ್ಲೇ ತರಗತಿಗೆ ಹೋಗ್ತಾರೆ. ಬೇರೆ ಪ್ರಾಂತ್ಯದಿಂದ ಬಂದ ಜಪಾನೀ ಶಿಕ್ಷಕರೇ ಮೊದಲ ದಿನ ಗೂಡು ಹುಡುಕುತ್ತಾ ನಿಲ್ಲೋದನ್ನು ನೋಡಿದ್ದೇನೆ. ಒನಿತ್ಸುಕಾ ಕಿಹಾಚಿರೋ 1949ರಲ್ಲಿ ಶೂ ಕಂಪನಿ ಆರಂಭಿಸಿದ್ದು ಇದೇ ಊರಿನಲ್ಲಿ, ಅದು ಈಗಿನ ಆಸಿಕ್ಸ್. ಮೊದಮೊದಲು ಅವರು ಮಾಡಿದ್ದು ಬಾಸ್ಕೆಟ್‌ಬಾಲ್ ಶೂ. ಆಕ್ಟೋಪಸ್ಸಿನ ಕಾಲಿನ ಹೀರುಬಟ್ಟಲು ನೋಡಿ, ಜಾರದ ಅಡಿ ಮಾಡುವ ಉಪಾಯ ಹೊಳೆಯಿತು ಅಂತ ಕಂಪನಿಯವರೇ ಹೇಳ್ತಾರೆ. ಮೇಣ ಹಾಕಿದ ಕಾರಿಡಾರಿನಲ್ಲಿ ಮಳೆಗಾಲದ ದಿನ ನಡೆದವರಿಗೆ ಆ ಉಪಾಯದ ಬೆಲೆ ಗೊತ್ತು.

ಕೇಳೋದು ಯಾರನ್ನು ಅಂದರೆ, ನಿಮಗಿಂತ ಮೊದಲು ಅಲ್ಲಿದ್ದ ಎಎಲ್‌ಟಿಯನ್ನು. ಆಗಲಿಲ್ಲವಾದರೆ ಉಪ ಮುಖ್ಯಶಿಕ್ಷಕರನ್ನು, ಕ್ಯೋತೋ ಸೆನ್ಸೇ ಅಂತ ಕರೀತಾರೆ. ಬಣ್ಣದ ನಿಯಮ ಇದೆಯಾ, ಜಿಮ್ಮಿಗೆ ಬೇರೆ ಬೇಕಾ, ಶೂ ಅಲ್ಲೇ ಬಿಡಬಹುದಾ. ಮೂರೇ ಪ್ರಶ್ನೆ.


ಸಂಪಿಗೆ
ಜೂನ್ 12

ಒಂದು ಮರೆತಿದ್ದೆ. ಮಾರ್ಚಿನಲ್ಲಿ ಬೀಳ್ಕೊಡುಗೆ ಸಮಾರಂಭ, ಏಪ್ರಿಲಿನಲ್ಲಿ ಹೊಸ ಮಕ್ಕಳ ಸ್ವಾಗತ. ಎರಡಕ್ಕೂ ಶಿಕ್ಷಕರು ಕಪ್ಪು ಸೂಟಿನಲ್ಲಿ ಬರ್ತಾರೆ. ಜಿಮ್ಮಿನ ನೆಲಕ್ಕೆ ಹಸಿರು ಹಾಸು ಹಾಸಿರ್ತಾರೆ, ಹಾಲ್ ಪೂರ್ತಿ ನಿಶ್ಶಬ್ದ. ಅವತ್ತು ಸ್ನೀಕರ್ ಎದ್ದು ಕಾಣುತ್ತೆ. ಹೊರಗೆ ಹಾಕದ, ಹೀಲ್ ಇಲ್ಲದ, ಸದ್ದು ಮಾಡದ ಕಪ್ಪು ಶೂ ಒಂದು ಜೋಡಿ ಇಟ್ಟುಕೊಳ್ಳಿ. ಚರ್ಮ ಬೇಡ ಅಂದಿರಲ್ಲ, ಡಬ್ಬದ ಮೇಲೆ "ಗೋಸೇ ಹಿಕಾಕು" ಅಂತಿದ್ದರೆ ಕೃತಕ ಚರ್ಮ. "ಹೊನ್‌ಗಾವಾ" ಅಂದರೆ ನಿಜವಾದದ್ದು.

ಟಾಯ್ಲೆಟ್ಟಿನ ಬಾಗಿಲಲ್ಲಿ ಬೇರೆ ಸ್ಲಿಪ್ಪರ್ ಇಟ್ಟಿದ್ದರೆ ಶೂ ಹೊರಗೆ ಬಿಟ್ಟು ಅದನ್ನು ಹಾಕ್ಕೊಳ್ಳಿ. ತತಾಮಿ ಚಾಪೆಯ ಕೋಣೆಗೆ ಏನೂ ಹಾಕದೆ ಸಾಕ್ಸ್ ಕಾಲಲ್ಲೇ ಹೋಗಬೇಕು. ಹಾಗಾಗಿ ಸಾಕ್ಸ್ ತೂತಿರಬಾರದು.


ನಗೋಯಾ ಅಮ್ಮ
ಜೂನ್ 12

ಬೇಸಿಗೆ ರಜೆಗೆ ಶೂನ ಗೂಡಿನಲ್ಲೇ ಬಿಡಬೇಡಮ್ಮ. ನೀನು ಮಲೆನಾಡಿನವಳು, ಬೂಷ್ಟು ಅಂದರೆ ಏನು ಅಂತ ನಿನಗೆ ನಾನು ಹೇಳಬೇಕಿಲ್ಲ. ಇಲ್ಲಿನ ಸೆಖೆಯಲ್ಲೂ ಹಾಗೇ ಹಿಡಿಯುತ್ತೆ. ಮನೆಗೆ ತಂದು ತೊಳೆದು ಒಣಗಿಸಿ, ಒಳಗೆ ಹಳೇ ಪೇಪರ್ ಉಂಡೆ ತುರುಕಿ ಇಡು.


ತುಂಗೆಯ ದಡ
ಸೆಪ್ಟೆಂಬರ್ 7

ಎಲ್ಲರಿಗೂ ಮತ್ತೆ ನಮಸ್ಕಾರ. ಬಂದು ತಿಂಗಳು ದಾಟಿತು, ಬರೆಯೋಕೆ ತಡವಾಯಿತು, ಕ್ಷಮಿಸಿ.

ಹಿಂದಿನ ಎಎಲ್‌ಟಿಯನ್ನು ಮಿಂಚಂಚೆಯಲ್ಲಿ ಕೇಳಿದೆ. ಬಣ್ಣದ ನಿಯಮ ಇಲ್ಲ, ಜಿಮ್ಮಿಗೆ ಬೇರೆ ಬೇಕಿಲ್ಲ ಅಂದರು. ಶಿವಮೊಗ್ಗದ ಒಂದು ಸ್ಪೋರ್ಟ್ಸ್ ಅಂಗಡಿಯಲ್ಲಿ ಬಿಳಿ ಷಟಲ್ ಶೂ ಸಿಕ್ಕಿತು, ಚರ್ಮವಲ್ಲ, ಅಡಿ ಜೇನುಬಣ್ಣದ್ದು. ಅಂಗಡಿಯವರ ಮುಂದೆಯೇ ಕಾಗದದ ಮೇಲೆ ಉಜ್ಜಿ ನೋಡಿದೆ. ಲೇಸ್ ಇತ್ತು, ತೆಗೆದು ಎಲಾಸ್ಟಿಕ್ ದಾರ ಪೋಣಿಸಿದೆ, ಈಗ ಕಾಲು ತೂರಿಸಿದರೆ ಸಾಕು. 26 ತಗೊಂಡು ಒಳಅಟ್ಟೆ ಹಾಕಿದ್ದೇನೆ. ಪ್ರಾಥಮಿಕ ಶಾಲೆಗಳಿಗೆ ಇನ್ನೊಂದು ಜೋಡಿಯನ್ನು ಇಲ್ಲಿ ಗಂಡಸರ ಸಾಲಿನಲ್ಲಿ, ಮೂರು ಇ ನೋಡಿ ಕೊಂಡೆ. ಐದು ಪೀರಿಯಡ್ ಇದ್ದ ದಿನವೂ ಸಂಜೆ ನಡೆದೇ ಮನೆಗೆ ಬಂದೆ.

ಸೆಪ್ಟೆಂಬರ್ 1 ಇಲ್ಲಿ ವಿಪತ್ತು ತಡೆ ದಿನ. 1923ರ ಕಾಂತೋ ಮಹಾಭೂಕಂಪ ಆದ ದಿನ ಅದು. ಆ ವಾರವೇ ಅಭ್ಯಾಸ ನಡೆಯಿತು. ಮೈಕಿನಲ್ಲಿ ಸದ್ದು ಬಂತು, ಮಕ್ಕಳು ಮೇಜಿನ ಕೆಳಗೆ, ಆಮೇಲೆ ಸಾಲಾಗಿ ಮೆಟ್ಟಿಲು, ಮೈದಾನ. ಮುನ್ನೂರು ಮಕ್ಕಳು ಇಳಿದರೂ ಒಂದು ಪಿಸುಮಾತಿಲ್ಲ. ಇಳಿಯುತ್ತಾ ನನಗೆ ಸಂಪಿಗೆ ಅಕ್ಕನ ನೆನಪೇ. ವಾಪಸ್ ಬರುವಾಗ ಒದ್ದೆ ಬಟ್ಟೆ ಹಾಸಿದ್ದರು. ನನ್ನ ಮುಂದಿದ್ದ ಹುಡುಗಿ ಎರಡು ಅಡಿಯನ್ನೂ ಮೂರು ಮೂರು ಸಲ ಒರೆಸಿದಳು, ನಾನೂ ಹಾಗೇ ಮಾಡಿದೆ.

ಪ್ರಾಥಮಿಕ ಶಾಲೆಯಲ್ಲಿ ಒಂದನೇ ಕ್ಲಾಸಿನ ಹುಡುಗನೊಬ್ಬ ನನ್ನ ಕಾಲನ್ನೇ ನೋಡ್ತಾ "ಸೆನ್ಸೇ, ನಿಮ್ಮ ಹೆಸರೆಲ್ಲಿ?" ಅಂತ ಕೇಳಿದ. ಅವರೆಲ್ಲರ ಶೂ ಮೇಲೂ ಹೆಸರಿದೆ, ನನ್ನದರ ಮೇಲೆ ಮಾತ್ರ ಇಲ್ಲ. ಅವನಿಗೆ ಅದು ನಿಜವಾದ ಚಿಂತೆ, ಕಳೆದುಹೋದರೆ ಏನು ಮಾಡ್ತೀರಿ ಅಂದ. ಮನೆಗೆ ಬಂದು ಎಡಗಾಲಿನ ಹಿಮ್ಮಡಿಯ ಮೇಲೆ ಕತಕಾನ ಅನ್ನೋ ಜಪಾನೀ ಲಿಪಿಯಲ್ಲಿ, ಬಲಗಾಲಿನದರ ಮೇಲೆ ಕನ್ನಡದಲ್ಲಿ ಬರೆದೆ. ಮಾರನೇ ವಾರ ಅವನು ನೆಲದ ಮೇಲೆ ಕೂತು ಕನ್ನಡದ ಅಕ್ಷರವನ್ನು ಬೆರಳಲ್ಲಿ ತಿದ್ದಿ ನೋಡಿದ. ಈಗ ಗೆತಾಬಾಕೋದ ಹತ್ತಿರ ದಿನಾ ಇಬ್ಬರು ಮೂವರು ಬಂದು ಅದನ್ನು ಓದಲು ನೋಡ್ತಾರೆ.


ನಗೋಯಾ ಅಮ್ಮ
ಸೆಪ್ಟೆಂಬರ್ 7

ಓದಿ ಖುಷಿಯಾಯಿತು ಮಗಳೇ. ಬರೆದದ್ದು ಯಾವ ಪೆನ್ನಲ್ಲಿ? ತೊಳೆದಾಗ ಹರಡೋದಿಲ್ವಾ?


ತುಂಗೆಯ ದಡ
ಸೆಪ್ಟೆಂಬರ್ 8

ಬಟ್ಟೆಗೆ ಹೆಸರು ಬರೆಯುವ ಮಾರ್ಕರ್ ಅಮ್ಮ, ನೂರು ಯೆನ್ ಅಂಗಡಿಯಲ್ಲಿ ಸಿಕ್ಕಿತು. ಎರಡು ಸಲ ತೊಳೆದಿದ್ದೇನೆ. ಕತಕಾನ ಹಾಗೇ ಇದೆ, ಕನ್ನಡದ ಒತ್ತಕ್ಷರದ ಹತ್ತಿರ ಮಾತ್ರ ಸ್ವಲ್ಪ ಹರಡಿದೆ. ಈ ಶನಿವಾರ ತಿದ್ದಿ ಬರೀತೀನಿ.